ಸದನ ಮುಂದೂಡುವ ಮೊದಲು ಉತ್ತರ ಬರಹದಲ್ಲಿ ತನ್ನಿ: ಮಲೆನಾಡಿನ ಶಾಸಕರಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಶಾಸಕರಿಗೆ, ಮಲೆನಾಡನ್ನು ಪ್ರತಿನಿಧಿಸುವ ವಿಧಾನ ಪರಿಷತ್ ಸದಸ್ಯರಿಗೆ,

ಮಾನ್ಯರೇ,

ಮಳೆಗಾಲದ ಅಧಿವೇಶನಕ್ಕೆ ಇನ್ನು ಬೆರಳೆಣಿಕೆಯ ದಿನಗಳು ಉಳಿದಿವೆ. ಕೊನೆಯ ದಿನ ಸಭಾಧ್ಯಕ್ಷರು ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡುತ್ತಾರೆ, ನೀವು ರಾತ್ರಿಯೇ ಊರಿನ ದಾರಿ ಹಿಡಿಯುತ್ತೀರಿ. ಇಲ್ಲಿ ಪುಷ್ಯ ಮಳೆ ಹಿಡಿದು ಕೂತಿದೆ. ಹಳ್ಳಗಳು ತುಂಬಿವೆ. ಅಡಿಕೆಗೆ ಕೊಳೆರೋಗ ತಗಲದಂತೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಲು ಒಂದು ದಿನದ ಹೊಳವಿಗಾಗಿ ತೋಟದವರು ಕಾಯುತ್ತಿದ್ದಾರೆ.

ನಮ್ಮ ಕೋರಿಕೆ ಒಂದೇ. ಉಳಿದ ದಿನಗಳಲ್ಲಿ ನಮ್ಮ ವಿಷಯದ ಮೇಲೆ ಎಷ್ಟು ಹೊತ್ತು ಮಾತಾಡಿದಿರಿ ಎಂಬುದಕ್ಕಿಂತ, ದಿನಾಂಕ, ಸರ್ವೆ ನಂಬರು, ಮೊತ್ತ ಇರುವ ಎಷ್ಟು ಉತ್ತರಗಳನ್ನು ಸರ್ಕಾರದಿಂದ ಬರಹದಲ್ಲಿ ಪಡೆದಿರಿ ಎಂಬುದನ್ನು ನೋಡಿಕೊಳ್ಳಿ. ಶೂನ್ಯವೇಳೆಯಲ್ಲಿ ಎರಡು ನಿಮಿಷ ಆಡಿದ ಮಾತು ಅದೇ ಸಂಜೆ ಎಲ್ಲರ ಮೊಬೈಲಿಗೆ ಬರುತ್ತದೆ, ನಿಜ. ಆದರೆ ಅದಕ್ಕೆ ಅಂಕಿಅಂಶ ಸಮೇತ ಉತ್ತರಿಸಬೇಕಾದ ಕಟ್ಟು ಮಂತ್ರಿಗಳ ಮೇಲಿರುವುದಿಲ್ಲ. ಪ್ರಶ್ನೆಗೆ ಬರುವ ಲಿಖಿತ ಉತ್ತರ ಬೇರೆ ಜಾತಿಯದು. ತಾಲ್ಲೂಕು ಕಚೇರಿಯಿಂದ ಮಾಹಿತಿ ಹೊರಟು, ಜಿಲ್ಲೆ ದಾಟಿ, ಇಲಾಖೆಯ ಕಡತದಲ್ಲಿ ಸೇರಿ, ಮಂತ್ರಿಗಳ ಸಹಿಯೊಂದಿಗೆ ಸದನಕ್ಕೆ ಬರುತ್ತದೆ. ಮುಂದಿನ ವರ್ಷ ಅದೇ ಕಾಗದ ಹಿಡಿದು ತಹಶೀಲ್ದಾರರ ಎದುರು ಕೂರಬಹುದು. ಬೇಕಾದರೆ ನ್ಯಾಯಾಲಯದ ಅರ್ಜಿಗೂ ಲಗತ್ತಿಸಬಹುದು.

ಹೊಸ ಪ್ರಶ್ನೆ ಕೊಡುವ ಕಾಲ ಈ ಅಧಿವೇಶನಕ್ಕೆ ಮೀರಿದೆ. ಕೊಟ್ಟಿರುವ ಪ್ರಶ್ನೆಗಳ ಕಡೆ ಮೊದಲು ನೋಡಿ. ಪ್ರಶ್ನೋತ್ತರ ಕಲಾಪ ಒಂದೇ ಗಂಟೆ. ಮಂತ್ರಿಗಳು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳ ಪಟ್ಟಿಯಲ್ಲಿ ಕೆಳಗಿರುವ ಪ್ರಶ್ನೆಯ ಸರದಿ ಬರುವುದು ಅಪರೂಪ, ಗದ್ದಲವಾದ ದಿನವಂತೂ ಬರುವುದೇ ಇಲ್ಲ. ಹಾಗೆ ಉಳಿದ ಪ್ರಶ್ನೆಯ ಉತ್ತರವನ್ನು ಮಂಡಿಸಲಾಗಿದೆ ಎಂದು ಕಲಾಪದಲ್ಲಿ ದಾಖಲಾಗುತ್ತದೆ, ಪ್ರತಿ ನಿಮ್ಮ ಕೈಗೆ ಬರುತ್ತದೆ. ತಪ್ಪುವುದು ಈ ಹಂತದಲ್ಲೇ. ಉತ್ತರದ ಮೊದಲ ಹಾಳೆ ನೋಡಿ ಅನುಬಂಧ ತೆರೆಯದೆ ಬಿಟ್ಟರೆ ಪ್ರಶ್ನೆ ಕೇಳಿದ್ದೇ ವ್ಯರ್ಥ, ಏಕೆಂದರೆ ಅಂಕಿಗಳೆಲ್ಲ ಇರುವುದು ಅನುಬಂಧದಲ್ಲಿ. ಅಧಿವೇಶನದ ಆರಂಭದಿಂದ ಇವತ್ತಿನವರೆಗೆ ನಿಮ್ಮ ಹೆಸರಿನಲ್ಲಿ ಬಂದ ಪ್ರತಿ ಉತ್ತರದ ಅನುಬಂಧವನ್ನೂ ಮುಂದೂಡಿಕೆಗೆ ಮೊದಲು ಒಮ್ಮೆ ಓದಿಸಿ. ಅನುಬಂಧ ಲಗತ್ತಾಗಿಲ್ಲದಿದ್ದರೆ ಅಂದೇ ವಿಧಾನಸಭೆಯ ಸಚಿವಾಲಯಕ್ಕೆ ಪತ್ರ ಕೊಡಿ.

ಉತ್ತರ ಬಡವಾಗುವುದಕ್ಕೆ ಅರ್ಧ ಕಾರಣ ಪ್ರಶ್ನೆಯ ರಚನೆ. ನಮ್ಮ ಸದನದ ಪ್ರಶ್ನೆಗಳು ಅ, ಆ, ಇ, ಈ ಎಂದು ಭಾಗವಾಗಿರುತ್ತವೆ. ಬಹಳ ಪ್ರಶ್ನೆಗಳ ಮೊದಲ ಭಾಗ ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಮುಗಿಯುತ್ತದೆ, ಎರಡನೆಯದು ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು’ ಎಂದು. ಇಲಾಖೆಯವರು ಮೊದಲನೆಯದಕ್ಕೆ ‘ಬಂದಿದೆ’ ಎಂದೂ ಎರಡನೆಯದಕ್ಕೆ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದೂ ಬರೆದು ಕಡತ ಮುಚ್ಚುತ್ತಾರೆ. ಮೊದಲನೆಯದಕ್ಕೆ ‘ಬಂದಿರುವುದಿಲ್ಲ’ ಎಂದರೆ ಮುಂದಿನ ಭಾಗಗಳೆಲ್ಲ ‘ಉದ್ಭವಿಸುವುದಿಲ್ಲ’ ಆಗಿಬಿಡುತ್ತವೆ. ಹಣದ ವಿಷಯವಾದರೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು’. ಕೇಳಿದ್ದಕ್ಕೆ ಉತ್ತರ ಬಂದಿದೆ, ಊರಿಗೆ ಏನೂ ಬಂದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ. ಇಪ್ಪತ್ತು ವರ್ಷಗಳ, ಇಡೀ ರಾಜ್ಯದ, ತಾಲ್ಲೂಕುವಾರು ವಿವರ ಕೇಳಿದರೆ ‘ಮಾಹಿತಿಯನ್ನು ಸಂಗ್ರಹಿಸಿ ಒದಗಿಸಲಾಗುವುದು’ ಎಂಬ ಒಂದೇ ಸಾಲು ಬರುತ್ತದೆ. ಒಂದು ತಾಲ್ಲೂಕು, ಮೂರು ವರ್ಷ, ಒಂದೇ ವಿಷಯ ಸಾಕು. ನ್ಯಾಯಾಲಯದಲ್ಲಿರುವ ವಿಷಯವೆಂದು ಪ್ರಶ್ನೆ ತಿರಸ್ಕೃತವಾಗುವುದು ನಮ್ಮ ಭೂಮಿ ಪ್ರಕರಣಗಳಲ್ಲಿ ಸಾಮಾನ್ಯ. ಆಗ ವ್ಯಾಜ್ಯದ ಸರಿತಪ್ಪು ಕೇಳುವುದು ಬಿಡಿ. ಸರ್ಕಾರ ತಾನೇ ಇಟ್ಟ ಹೆಜ್ಜೆಯನ್ನು ಕೇಳಿ: ಅರ್ಜಿ ಯಾವ ದಿನ ಸಲ್ಲಿಸಿತು, ಯಾವ ದಾಖಲೆ ಜೋಡಿಸಿತು, ಜಂಟಿ ಸರ್ವೆ ಎಷ್ಟು ಗ್ರಾಮಗಳಲ್ಲಿ ಮುಗಿಯಿತು. ಇವು ಬರೀ ಸಂಗತಿಗಳು.

ಇನ್ನು, ಈಗ ಉಪಪ್ರಶ್ನೆಯಲ್ಲೋ ಚರ್ಚೆಯಲ್ಲೋ, ಆಗದಿದ್ದರೆ ಮುಂದಿನ ಅಧಿವೇಶನದ ಪ್ರಶ್ನೆಯಾಗಿಯೋ ಕೇಳಬೇಕಾದ ವಿಷಯಗಳು. ಮೊದಲು ಕಾಲುಸಂಕ, ಅಂದರೆ ಹಳ್ಳ ದಾಟುವ ಕಿರುಸೇತುವೆ. ಮಲೆನಾಡಿನ ಶಾಸಕರು ಪ್ರತಿ ಮಳೆಗಾಲದಲ್ಲೂ ಸದನದಲ್ಲಿ ಎತ್ತುವ ವಿಷಯವಿದು, ಅಡಿಕೆ ಮರದ ಸಂಕದ ಮೇಲೆ ಶಾಲೆ ಮಕ್ಕಳು ದಾಟುವ ಚಿತ್ರ ಪ್ರತಿ ವರ್ಷವೂ ಪತ್ರಿಕೆಯಲ್ಲಿ ಬರುತ್ತದೆ. ‘ಕಾಲುಸಂಕಗಳ ಸಮಸ್ಯೆ ಗಮನಕ್ಕೆ ಬಂದಿದೆಯೇ’ ಎಂಬ ಪ್ರಶ್ನೆ ಇನ್ನು ಬೇಡ. ಹೊಸನಗರ ತಾಲ್ಲೂಕಿನದೋ ತೀರ್ಥಹಳ್ಳಿಯದೋ ಪಟ್ಟಿ ಹಿಡಿದು ಕೇಳಿ: ಯಾವ ಗ್ರಾಮ, ಯಾವ ಹಳ್ಳ, ಅಂದಾಜು ಪಟ್ಟಿ ತಯಾರಾದ ದಿನಾಂಕ, ಆಡಳಿತಾತ್ಮಕ ಅನುಮೋದನೆಯ ಆದೇಶ ಸಂಖ್ಯೆ, ತಾಂತ್ರಿಕ ಮಂಜೂರಾತಿ ಕೊಟ್ಟ ಅಧಿಕಾರಿಯ ಹುದ್ದೆ, ಯಾವ ಲೆಕ್ಕ ಶೀರ್ಷಿಕೆಯಿಂದ ಹಣ. ರಸ್ತೆ ಸೇತುವೆಗಳ ಬಂಡವಾಳ ವೆಚ್ಚಕ್ಕೆ 5054, ನಿರ್ವಹಣೆಗೆ 3054. ಹೊಸ ಸಂಕದ ಹಣ 3054ರಲ್ಲಿ ತೋರಿಸಿದ್ದಾರೆಂದರೆ ಆಗಲಿರುವುದು ದುರಸ್ತಿ ಎಂದು ಅಲ್ಲೇ ತಿಳಿಯುತ್ತದೆ.

ಈ ಅಧಿವೇಶನವೇ ಏಕೆ ಮುಖ್ಯ ಎಂಬುದಕ್ಕೆ ಮಲೆನಾಡಿನ ಪಂಚಾಂಗ ನೋಡಬೇಕು. ಮಾರ್ಚಿನಲ್ಲಿ ಬಜೆಟ್ ಒಪ್ಪಿಗೆಯಾಗಿ ಆದೇಶಗಳು ಇಳಿಯುವ ಹೊತ್ತಿಗೆ ಮೇ ಮುಗಿಯುತ್ತದೆ. ಮೃಗಶಿರಾ ಹಿಡಿದರೆ ದೀಪಾವಳಿವರೆಗೆ ಹಳ್ಳದಲ್ಲಿ ಪಾಯ ತೋಡಲು ಆಗದು. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅಂದರೆ ನಮ್ಮಲ್ಲಿ ಕಾಮಗಾರಿಗೆ ಸಿಗುವುದು ನಾಲ್ಕೈದು ತಿಂಗಳು. ಈಗ, ಈ ಸದನದಲ್ಲಿ, ಆಡಳಿತಾತ್ಮಕ ಅನುಮೋದನೆಗೆ ದಿನಾಂಕ ಪಡೆದರೆ ಮಳೆ ಬಿಡುವಷ್ಟರಲ್ಲಿ ಟೆಂಡರ್ ಮುಗಿದು ಕಾರ್ಯಾದೇಶ ಕೈಗೆ ಬರಬಹುದು. ಬೆಳಗಾವಿಯ ಅಧಿವೇಶನದಲ್ಲಿ ಕೇಳಿದರೆ ಟೆಂಡರ್ ಕರೆಯುವಷ್ಟರಲ್ಲಿ ಫೆಬ್ರುವರಿ, ಬಳಸದ ಹಣ ವಾಪಸು. ಬಯಲುಸೀಮೆಯ ಶಾಸಕರಿಗೆ ಈ ಲೆಕ್ಕ ಇಲ್ಲ, ಇಲಾಖೆಯ ಮೇಲಧಿಕಾರಿಗಳ ತಲೆಯಲ್ಲೂ ಇರುವುದಿಲ್ಲ. ಹೇಳಬೇಕಾದವರು ನೀವು.

ಅಂದಾಜು ಪಟ್ಟಿಯ ದಿನಾಂಕ ಕೇಳಿ ಎಂದಿದ್ದಕ್ಕೂ ಕಾರಣವಿದೆ. ಮಾರ್ಚಿನಲ್ಲಿ ಅಳತೆಗೆ ಹೋದ ಎಂಜಿನಿಯರಿಗೆ ಕಾಣುವುದು ಪಾದ ಮುಳುಗುವಷ್ಟು ನೀರು. ಅದನ್ನು ನೋಡಿ ಒಂದು ಮೀಟರ್ ವ್ಯಾಸದ ಎರಡು ಹ್ಯೂಮ್ ಪೈಪ್ ಬರೆಯುತ್ತಾರೆ. ಎರಡು ಪೈಪಿನ ಬಾಯಿ ಸೇರಿ ಸುಮಾರು 1.6 ಚದರ ಮೀಟರ್. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಕ್ಸ್ ಆದರೆ 6 ಚದರ ಮೀಟರ್. ಜುಲೈನಲ್ಲಿ ನಮ್ಮ ಹಳ್ಳ ಬರೀ ನೀರು ತರುವುದಿಲ್ಲ. ಮುರಿದ ಕೊಂಬೆ, ಅಡಿಕೆ ಸೋಗೆ, ಕಾಡಿನ ದರಗು ಎಲ್ಲ ಬಂದು ಪೈಪಿನ ಬಾಯಿಗೆ ಕೂರುತ್ತದೆ. ಪೈಪು ಕಟ್ಟಿದರೆ ನೀರು ಮೇಲೆ ಹರಿಯುತ್ತದೆ, ಎರಡೂ ಕಡೆಯ ಮಣ್ಣು ಕೊಚ್ಚುತ್ತದೆ, ಪೈಪು ಮಾತ್ರ ಹಳ್ಳದ ನಡುವೆ ಉಳಿಯುತ್ತದೆ. ಆದ್ದರಿಂದ ಅಳತೆ ಆಗಸ್ಟಿನೊಳಗೆ, ತುಂಬು ಹಳ್ಳದಲ್ಲಿ ಆಗಲಿ. ದಡದ ಮರಗಳ ಮೇಲೆ ನೆರೆಯ ಗುರುತು ಇರುತ್ತದೆ, ದಾಖಲಿಸಲಿ. ಸಾಧ್ಯವಿದ್ದ ಕಡೆಯೆಲ್ಲ ನಡುಗಂಬ ಇಲ್ಲದ ಒಂದೇ ಅಂಕಣದ ಸಂಕ ಆಗಲಿ, ಎರಡೂ ಕಡೆ ಕೈಹಿಡಿ ಇರಲಿ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ದಾಟುವಷ್ಟಾದರೂ ಅಗಲ ಬೇಕು.

‘ಅರಣ್ಯ ಇಲಾಖೆ ಬಿಡುತ್ತಿಲ್ಲ’ ಎಂಬ ಉತ್ತರಕ್ಕೂ ಸಿದ್ಧರಾಗಿ ಹೋಗಿ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ಪ್ರಕಾರ ರಸ್ತೆ, ಅಂಗನವಾಡಿ, ಕುಡಿಯುವ ನೀರಿನ ಕೊಳವೆ, ವಿದ್ಯುತ್ ತಂತಿ ಸೇರಿ 13 ಬಗೆಯ ಸೌಕರ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಿಡಬಹುದು. ಹೆಕ್ಟೇರಿಗೆ 75 ಮರ ಮೀರಿ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಮಂಜೂರು ಮಾಡುವವರು ವಿಭಾಗದ ಅರಣ್ಯ ಅಧಿಕಾರಿ, ಡೆಲ್ಲಿಗೆ ಹೋಗಬೇಕಿಲ್ಲ. ಅಭಯಾರಣ್ಯದ ಒಳಗಾದರೆ ವನ್ಯಜೀವಿ ಕಾಯ್ದೆಯ ಅನುಮತಿ ಬೇರೆ ಬೇಕು, ಶರಾವತಿ ಕಣಿವೆಯ ಊರುಗಳಿಗೆ ಇದು ಅನ್ವಯಿಸುತ್ತದೆ. ಉಳಿದ ಕಡೆ ತಡೆ ಬರುವುದು ಗ್ರಾಮಸಭೆಯ ನಿರ್ಣಯ ಸರಿಯಾಗಿ ಬರೆಯದೆ ಹೋದಾಗ: ಸರ್ವೆ ನಂಬರ್ ಇರುವುದಿಲ್ಲ, ವಿಸ್ತೀರ್ಣ ಇರುವುದಿಲ್ಲ, ಮರಗಳ ಎಣಿಕೆ ಇರುವುದಿಲ್ಲ. ನಿಮ್ಮ ಕ್ಷೇತ್ರದಲ್ಲಿ ಇಂಥ ಎಷ್ಟು ಪ್ರಸ್ತಾವನೆ ಬಂದವು, ಎಷ್ಟು ಮರಳಿದವು, ಯಾವ ಕಾರಣಕ್ಕೆ ಎಂದು ಅರಣ್ಯ ಇಲಾಖೆಯಿಂದ ಉತ್ತರ ತರಿಸಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ) ಅದೇ ಮಾರ್ಗಸೂಚಿಯಾಗುತ್ತದೆ.

ಇನ್ನು ಭೂಮಿ. 1951ರ ಕಾಗೋಡು ಸತ್ಯಾಗ್ರಹದ ನೆಲ ಇದು. ಗೇಣಿದಾರರಿಗೆ ಹಕ್ಕು ಸಿಕ್ಕಿದ್ದು 1961ರ ಭೂಸುಧಾರಣಾ ಕಾಯ್ದೆಗೆ ಸದನ ತಂದ ತಿದ್ದುಪಡಿಗಳಿಂದ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಒಂದೊಂದು ಕಲಮಿನ ಮೇಲೂ ಒಬ್ಬೊಬ್ಬ ಗೇಣಿದಾರನ ಮನೆ ನಿಂತಿದೆ. ಹಾಗಾಗಿ ಭೂಮಿ ವಿಷಯದಲ್ಲಿ ಭಾಷಣಕ್ಕಿಂತ ಕಲಂ ಮುಖ್ಯ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಬಗರ್ ಹುಕುಂ ಅರ್ಜಿಗಳ, ಅಂದರೆ ಮಂಜೂರಾತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿಗಳ ಬಗ್ಗೆ ಸದನದಲ್ಲಿ ಮಾತಾಡುವಾಗ ಒಂದು ಸಂಗತಿ ನೆನಪಿರಲಿ: ಆ ಸಮಿತಿಯ ಅಧ್ಯಕ್ಷರು ನೀವೇ. ನಮೂನೆ 50, 53, 57ರ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಬಾಕಿ ಇದ್ದರೆ ಮೊದಲು ಬೇಕಾದ್ದು ನಿಮ್ಮ ಸಮಿತಿಯ ಸಭೆಯ ದಿನಾಂಕ. ಸದನದಲ್ಲಿ ಕೇಳಬೇಕಾದ್ದು ಸಮಿತಿಯ ಕೈಯಲ್ಲಿಲ್ಲದ್ದನ್ನು. ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಯಾವ ಹೋಬಳಿಯಲ್ಲಿ ಎಲ್ಲಿಗೆ ಬಂತು? ಪರಿಭಾವಿತ ಅರಣ್ಯದ (ಡೀಮ್ಡ್ ಫಾರೆಸ್ಟ್) ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಎಷ್ಟು ಅರ್ಜಿ ನಿಂತಿವೆ? ನಮೂನೆ 57ಕ್ಕೆ 2005ರ ಜನವರಿ 1ಕ್ಕೆ ಮೊದಲಿನ ಸಾಗುವಳಿ ತೋರಿಸಬೇಕು. ಉಪಗ್ರಹ ಚಿತ್ರದಲ್ಲಿ ಮರದ ನೆರಳಿನ ಕೆಳಗಿನ ಏಲಕ್ಕಿ, ಕಾಳುಮೆಣಸು, ಅಡಿಕೆ ಸಸಿ ಕಾಡಿನ ಹಾಗೇ ಕಾಣುತ್ತದೆ. ಬಯಲಿನ ಗದ್ದೆಗೆ ಸರಿಹೋಗುವ ಈ ಪರೀಕ್ಷೆ ಮಲೆನಾಡಿನ ತೋಟಕ್ಕೆ ಸರಿಹೋಗದು. ಸ್ಥಳ ತನಿಖೆಯನ್ನೂ ಸಾಕ್ಷಿಯಾಗಿ ಪರಿಗಣಿಸುವ ಸ್ಪಷ್ಟ ಸುತ್ತೋಲೆ ಬೇಕೆಂದು ಕಂದಾಯ ಸಚಿವರಿಂದ ಸದನದಲ್ಲೇ ಮಾತು ಪಡೆಯಿರಿ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ವಾಸವಿದ್ದುದನ್ನು ತೋರಿಸಬೇಕು. ಅರ್ಜಿಗಳು ಬಿದ್ದುಹೋಗುವುದು ಇಲ್ಲಿ. ಆದರೆ ನಿಯಮ 13ರಲ್ಲಿ ಸರ್ಕಾರಿ ದಾಖಲೆಯಷ್ಟೇ ಸಾಕ್ಷಿಯೆಂದಿಲ್ಲ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೂ ಸಾಕ್ಷಿ, ಹಳೆಯ ಮನೆ, ಬಾವಿ, ಗೋರಿಗಳ ಗುರುತೂ ಸಾಕ್ಷಿ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೊಡಬೇಕು. ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ 60 ದಿನದೊಳಗೆ ಹೋಗಬಹುದು. ತಿರಸ್ಕಾರದ ಪತ್ರವೇ ಮನೆಗೆ ಬಾರದಿದ್ದರೆ 60 ದಿನ ಎಣಿಸುವುದು ಎಲ್ಲಿಂದ? ಸಾಗರ ಉಪವಿಭಾಗದಲ್ಲಿ ತಿರಸ್ಕೃತವಾದವರಲ್ಲಿ ಎಷ್ಟು ಜನರಿಗೆ ಲಿಖಿತ ಕಾರಣ ತಲುಪಿಸಲಾಗಿದೆ, ತಲುಪಿಸಿದ ದಾಖಲೆ ಇದೆಯೇ ಎಂಬ ಒಂದು ಪ್ರಶ್ನೆ ಬಹಳ ಕಡತಗಳನ್ನು ಮತ್ತೆ ತೆರೆಸಬಲ್ಲದು.

ಶರಾವತಿ ಮುಳುಗಡೆಯವರದು ಇನ್ನೂ ಹಳೆಯ ನೋವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ಬೆಳಕು ಬಂತು. ಊರು ಬಿಟ್ಟವರನ್ನು ಕೂರಿಸಿದ್ದು ಅರಣ್ಯದ ಜಾಗದಲ್ಲಿ, ಅಲ್ಲಿಗೆ ಹಕ್ಕುಪತ್ರ ಸರಿಯಾಗಿ ಹೋಗಲಿಲ್ಲ. ಆಮೇಲೆ ಆ ಜಾಗವನ್ನು ಅರಣ್ಯದಿಂದ ಬಿಡಿಸಲು ರಾಜ್ಯ ಹೊರಡಿಸಿದ ಡಿನೋಟಿಫಿಕೇಷನ್ ಆದೇಶಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ಏಕೆಂದರೆ ಅರಣ್ಯ ಸಂರಕ್ಷಣಾ ಕಾಯ್ದೆ 1980ರ ಕಲಂ 2ರಂತೆ ಕೇಂದ್ರದ ಪೂರ್ವಾನುಮತಿ ಬೇಕು. ಸುಪ್ರೀಂ ಕೋರ್ಟ್ ಕೂಡ 2000ದ ನವೆಂಬರಿನಲ್ಲಿ ತನ್ನ ಮುಂದಿನ ಆದೇಶದವರೆಗೆ ಅರಣ್ಯವನ್ನು ಡಿನೋಟಿಫೈ ಮಾಡಬಾರದೆಂದು ಹೇಳಿದೆ. ಹೀಗಿರುವಾಗ ‘ಸರ್ಕಾರ ಸಂತ್ರಸ್ತರ ಪರವಾಗಿದೆ’ ಎಂಬ ಉತ್ತರದಿಂದ ಪ್ರಯೋಜನವಿಲ್ಲ. ಜಂಟಿ ಸರ್ವೆ ಮುಗಿದ ಗ್ರಾಮಗಳ ಹೆಸರು, ಎಕರೆ, ಅರಣ್ಯ ಅನುಮತಿಗೆ ಅರ್ಜಿ ಹಾಕುವ ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ಪ್ರಸ್ತಾವನೆ ಹಾಕಿದ ದಿನಾಂಕ ಮತ್ತು ಅದರ ಸಂಖ್ಯೆ, ಕೇಂದ್ರ ಎತ್ತಿದ ಆಕ್ಷೇಪ, ಅದಕ್ಕೆ ರಾಜ್ಯ ಕೊಟ್ಟ ಉತ್ತರದ ಪ್ರತಿ, ಇಷ್ಟನ್ನು ಕೇಳಿ. ಪ್ರಸ್ತಾವನೆಯ ಸಂಖ್ಯೆ ಕೊಡಲಾಗದ ಉತ್ತರ ಬಂದರೆ ಪ್ರಸ್ತಾವನೆ ಇನ್ನೂ ಹೋಗಿಲ್ಲ ಎಂದೇ ತಿಳಿಯಬೇಕಾಗುತ್ತದೆ. ಏಳೂ ಕ್ಷೇತ್ರದವರು ಪಕ್ಷ ಬದಿಗಿಟ್ಟು ಒಟ್ಟಿಗೆ ಸಹಿ ಹಾಕಬೇಕಾದ ವಿಷಯ ಒಂದಿದ್ದರೆ ಅದು ಇದು.

ಮಂಗನಕಾಯಿಲೆಯ ವಿಷಯಕ್ಕೂ ಇದೇ ಕೊನೆಯ ಅವಕಾಶ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಕಾಯಿಲೆ ಏರುವುದು ಡಿಸೆಂಬರಿನಿಂದ ಮೇವರೆಗೆ. ಬೆಳಗಾವಿಯಲ್ಲಿ ಕೇಳುವ ಹೊತ್ತಿಗೆ ಕಾಯಿಲೆ ಹರಡುವ ಉಣುಗು ಎಲ್ಲೆಡೆ ಆಗಿರುತ್ತದೆ. ಹಳೆಯ ಲಸಿಕೆ 2022ರಲ್ಲಿ ನಿಂತಿದೆ. ಹೊಸದು ಬರುವವರೆಗೆ ಜನರ ಕೈಯಲ್ಲಿರುವುದು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮತ್ತು ಬೇಗ ಸಿಗುವ ರಕ್ತಪರೀಕ್ಷೆ ಮಾತ್ರ. ನವೆಂಬರ್ ಮೊದಲ ವಾರದೊಳಗೆ ಯಾವ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ಎಣ್ಣೆ, ಮಾದರಿ ಕಳಿಸಿದ ಮೇಲೆ ವರದಿ ಎಷ್ಟು ಗಂಟೆಯಲ್ಲಿ ಎಂದು ಆರೋಗ್ಯ ಸಚಿವರಿಂದ ಈಗಲೇ ಬರೆಸಿಕೊಳ್ಳಿ.

ಹವಾಮಾನ ಆಧಾರಿತ ಬೆಳೆ ವಿಮೆಯ ಬಗ್ಗೆ ಅಡಿಕೆ ಬೆಳೆಗಾರರ ದೂರು ನಿಮಗೆ ಗೊತ್ತಿದೆ. ವಿಮಾ ಮೊತ್ತದ ಶೇಕಡಾ 5ರಷ್ಟನ್ನು ರೈತರು ಕಟ್ಟುತ್ತಾರೆ, ಪರಿಹಾರ ಲೆಕ್ಕವಾಗುವುದು ಗ್ರಾಮ ಪಂಚಾಯಿತಿಗೆ ಒಂದರಂತಿರುವ ಮಳೆಮಾಪಕದ ಅಂಕಿಯಿಂದ. ತೋಟಕ್ಕೆ ಬಂದು ಯಾರೂ ನೋಡುವುದಿಲ್ಲ, ಯೋಜನೆಯ ವಿನ್ಯಾಸವೇ ಹಾಗೆ. ಮಾಪಕ ಕೆಟ್ಟರೆ ಪಕ್ಕದ ಊರಿನ ಅಂಕಿ ಹಾಕುತ್ತಾರೆ, ಗುಡ್ಡದ ಆಚೆಗೂ ಈಚೆಗೂ ಮಳೆ ಬೇರೆಯೇ ಆದ ನಮ್ಮ ಸೀಮೆಯಲ್ಲಿ. ಕೇಳಬೇಕಾದ ಪ್ರಶ್ನೆ ಚಿಕ್ಕದು: ಪಂಚಾಯಿತಿವಾರು ಕಳೆದ ಎರಡು ವರ್ಷಗಳಲ್ಲಿ ಮಾಪಕ ದತ್ತಾಂಶ ಕಳಿಸದ ದಿನಗಳೆಷ್ಟು, ಆ ದಿನಗಳಿಗೆ ಯಾವ ಕೇಂದ್ರದ ಅಂಕಿ ಬಳಸಲಾಯಿತು, ಅದು ಎಷ್ಟು ಕಿಲೋಮೀಟರ್ ದೂರ. ಈ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವಂಥವು, ಕಳಿಸದ ಹೊತ್ತಿನ ಲೆಕ್ಕ ಖಂಡಿತ ಸಿಗುತ್ತದೆ.

ಕೊನೆಯ ಎರಡು ದಿನಗಳ ವಿಧೇಯಕಗಳ ಬಗ್ಗೆಯೂ ಹೇಳಬೇಕು. ಪಟ್ಟಿಯಲ್ಲಿ ಸಾಲಾಗಿ ವಿಧೇಯಕಗಳು ಬರುತ್ತವೆ, ಗದ್ದಲದ ನಡುವೆ ಧ್ವನಿಮತ ಆಗುತ್ತದೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಂಗಳನ್ನು ತೆಗೆದ 2020ರ ಭೂಸುಧಾರಣಾ ತಿದ್ದುಪಡಿ ಮೊದಲು ಸುಗ್ರೀವಾಜ್ಞೆಯಾಗಿ ಬಂತು, ವಿಧಾನಸಭೆಯಲ್ಲಿ ಸೆಪ್ಟೆಂಬರ್ ಅಧಿವೇಶನದ ಕೊನೆಗೆ ಅಂಗೀಕಾರವಾಯಿತು, ಪರಿಷತ್ತಿನ ಒಪ್ಪಿಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ. ಭೂಮಿಯನ್ನು ಯಾರು ಕೊಳ್ಳಬಹುದು ಎಂಬಷ್ಟು ದೊಡ್ಡ ಬದಲಾವಣೆಗೂ ಅಧಿವೇಶನದ ಕೊನೆಯ ದಿನಗಳೇ ಸಿಕ್ಕವು. ಅದನ್ನು ಒಪ್ಪಿದವರೂ ವಿರೋಧಿಸಿದವರೂ ಕಲಂ ಕಲಂ ಓದಲು ಹೆಚ್ಚು ದಿನ ಕೇಳಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. 2005ರ ಕಾಯ್ದೆಯೊಂದು ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆನ್ನುತ್ತದೆ. ಅಷ್ಟು ದಿನ ನಡೆದರೆ ಈ ನೂಕುನುಗ್ಗಲು ಇರುವುದಿಲ್ಲ.

ಸಮಯ ಕಡಿಮೆಯಿದ್ದಾಗ ಇಡೀ ವಿಧೇಯಕ ಓದಲಾಗದಿದ್ದರೆ ಮೂರು ಹಾಳೆ ಓದಿ: ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಆರ್ಥಿಕ ಜ್ಞಾಪನಪತ್ರ, ನಿಯಮ ರಚಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಭಾಗದ ಜ್ಞಾಪನಪತ್ರ. ಮೂರನೆಯದನ್ನು ಯಾರೂ ನೋಡುವುದಿಲ್ಲ, ನಮ್ಮ ಭಾಗದ ಕಷ್ಟ ಹುಟ್ಟುವುದು ಅಲ್ಲಿಂದ. ‘ನಿಯಮಿಸಬಹುದಾದಂಥ’ ಎಂಬ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮುಂದೆ ಅಧಿಕಾರಿಗಳು ಬರೆಯುವ ನಿಯಮವೇ ಕಾನೂನು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕೆ, ಊರ ಪಕ್ಕದ ಕಾನು ಕಾಡಿಗೆ ಅದು ಹೇಗೆ ತಗಲುತ್ತದೆ ಎಂದು ಖಂಡವಾರು ಚರ್ಚೆಯಲ್ಲಿ ಕೇಳಿ. ಮಂತ್ರಿಗಳ ಉತ್ತರ ನಡವಳಿಯಲ್ಲಿ ಅಚ್ಚಾಗುತ್ತದೆ. ವಿಧೇಯಕ ಇತ್ಯರ್ಥವಾಗದೆ ಉಳಿದರೂ ಅಧಿವೇಶನ ಮುಕ್ತಾಯವಾಯಿತೆಂದು ಅದು ಬಿದ್ದುಹೋಗುವುದಿಲ್ಲ, ಸಂವಿಧಾನದ 196ನೇ ವಿಧಿ ಅದನ್ನು ಉಳಿಸುತ್ತದೆ. ‘ಇವತ್ತೇ ಆಗಲೇಬೇಕು’ ಎಂಬ ಆತುರಕ್ಕೆ ಹೆದರಬೇಕಿಲ್ಲ.

ಸದನದಲ್ಲಿ ಮಂತ್ರಿಗಳು ‘ಪರಿಶೀಲಿಸುತ್ತೇವೆ’, ‘ಕ್ರಮ ಕೈಗೊಳ್ಳುತ್ತೇವೆ’, ‘ಮಾಹಿತಿ ಒದಗಿಸುತ್ತೇವೆ’ ಎಂದದ್ದೆಲ್ಲ ಭರವಸೆ. ಅದನ್ನು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಆದರೆ ನೂರಾರು ಮಾತುಗಳ ನಡುವೆ ನಿಮ್ಮದು ಕಳೆದುಹೋಗದಂತೆ ನೋಡುವುದು ನಿಮ್ಮ ಕೆಲಸ. ನಡವಳಿಯ ಪ್ರತಿ ತರಿಸಿ, ಆ ವಾಕ್ಯಕ್ಕೆ ಗೆರೆ ಎಳೆದು, ದಿನಾಂಕ ಮತ್ತು ಪ್ರಶ್ನೆ ಸಂಖ್ಯೆಯೊಂದಿಗೆ ಸಮಿತಿಗೆ ಪತ್ರ ಬರೆಯಿರಿ. ಉಪಪ್ರಶ್ನೆ ಕೇಳುವಾಗಲೂ ‘ಯಾವಾಗ’ ಎಂಬ ಪದ ಸೇರಿಸಿ. ದಿನಾಂಕವಿಲ್ಲದ ಭರವಸೆಯನ್ನು ಸಮಿತಿ ಹಿಡಿಯುವುದೂ ಕಷ್ಟ. ಬಂದ ಉತ್ತರ ಅಪೂರ್ಣವಾಗಿದ್ದರೆ ಅದರ ಮೇಲೆ ಅರ್ಧ ಗಂಟೆ ಕಾಲಾವಧಿ ಚರ್ಚೆಗೆ ಸೂಚನೆ ಕೊಡಬಹುದು, ಈ ಬಾಗಿಲನ್ನು ನಮ್ಮ ಭಾಗದವರು ಬಳಸಿದ್ದು ಕಡಿಮೆ. ಗಮನ ಸೆಳೆಯುವ ಸೂಚನೆ, ವಿಧಾನಸಭೆಯ 351ನೇ ನಿಯಮದ ಸೂಚನೆಗಳಿಗೆ ಉತ್ತರ ಬಾರದೆ ಅಧಿವೇಶನ ಮುಗಿದರೆ ಮುಂದಿನ ಸಲ ಹೊಸದಾಗಿ ಕೊಡಬೇಕು, ಹಳೆಯದು ತಾನಾಗಿ ಎದ್ದು ಬರುತ್ತದೆಂದು ನಂಬಿ ಕೂರಬೇಡಿ.

ಅರ್ಜಿಗಳ ಸಮಿತಿಯನ್ನು ಮರೆಯಬೇಡಿ. ಊರಿನವರು ಸಹಿ ಮಾಡಿದ ಅರ್ಜಿಗೆ ನಿಮ್ಮ ಮೇಲುಸಹಿ ಬಿದ್ದು ಸದನಕ್ಕೆ ಒಪ್ಪಿಸಿದರೆ ಸಮಿತಿ ಅಧಿಕಾರಿಗಳನ್ನು ಕರೆಸಬಲ್ಲದು, ಸ್ಥಳಕ್ಕೂ ಬರಬಲ್ಲದು. ಸಮಿತಿಗಳು ಸದನ ಇಲ್ಲದ ತಿಂಗಳುಗಳಲ್ಲೂ ಕೂರುತ್ತವೆ. ಮಳೆಯಲ್ಲಿ ಒಮ್ಮೆ ಹಳ್ಳದ ದಡಕ್ಕೆ ಸಮಿತಿ ಬಂದರೆ ನಾವು ಇಷ್ಟುದ್ದ ಬರೆಯುವ ಅಗತ್ಯವೇ ಇರುವುದಿಲ್ಲ.

ಊರಿಗೆ ಬಂದ ಮೇಲೆ ತಾಲ್ಲೂಕಿನ ಕಾಮಗಾರಿಗಳ ಪ್ರಗತಿ ನೋಡುವ ಮೊದಲ ತ್ರೈಮಾಸಿಕ ಕೆಡಿಪಿ ಸಭೆಗೆ ಸದನದ ಉತ್ತರಗಳನ್ನು ಕೊಂಡುಹೋಗಿ. ತಾಲ್ಲೂಕಿನ ಅಧಿಕಾರಿಗಳ ಎದುರು ಅನುಬಂಧ ಓದಿ, ‘ನಾಲ್ಕು ಸಂಕ ಪೂರ್ಣ ಎಂದು ಬರೆದಿದ್ದೀರಿ, ಯಾವ ನಾಲ್ಕು’ ಎಂದು ಕೇಳಿ, ಅವರ ಉತ್ತರವನ್ನು ನಡವಳಿಯಲ್ಲಿ ಬರೆಸಿ. ಎರಡೂ ಅಂಕಿ ಹೊಂದದಿದ್ದರೆ ಮುಂದಿನ ಅಧಿವೇಶನದ ಪ್ರಶ್ನೆ ಅಲ್ಲೇ ಸಿದ್ಧ. ವರ್ಷಕ್ಕೆ 2 ಕೋಟಿಯ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಜಿಲ್ಲಾಧಿಕಾರಿಗಳ ಬಳಿ ಖರ್ಚಾಗದೆ ಉಳಿದ ಮೊತ್ತವನ್ನೂ ಅದೇ ದಿನ ನೋಡಿ. ಸಮುದಾಯ ಭವನ ಒಂದು ವರ್ಷ ಕಾಯಬಹುದು, ಶಾಲೆ ದಾರಿಯ ಸಂಕ ಕಾಯಲಾರದು.

ಈ ಅಧಿವೇಶನದಲ್ಲಿ ನಿಮ್ಮ ಹೆಸರಿನಲ್ಲಿ ಬಂದ ಎಲ್ಲ ಉತ್ತರಗಳ ಪ್ರತಿಯನ್ನು ಅನುಬಂಧ ಸಮೇತ ನಿಮ್ಮ ಕ್ಷೇತ್ರದ ಪ್ರತಿ ಗ್ರಾಮ ಪಂಚಾಯಿತಿಗೆ ಕಳಿಸಿ, ಮುಂದಿನ ಗ್ರಾಮಸಭೆಯಲ್ಲಿ ಓದುವಂತೆ ಪಿಡಿಒಗಳಿಗೆ ತಿಳಿಸಿ. ಬೆಳಗಾವಿ ಅಧಿವೇಶನದ ಪ್ರಶ್ನೆಗಳಿಗೆ ಬೇಕಾದ ಹಳ್ಳದ ಹೆಸರು, ಸರ್ವೆ ನಂಬರು, ಅರ್ಜಿ ಸಂಖ್ಯೆ, ಮಳೆಮಾಪಕ ಇರುವ ಜಾಗ, ಇವನ್ನೆಲ್ಲ ಊರೂರಿನಿಂದ ಬರೆದು ನವರಾತ್ರಿಯೊಳಗೆ ನಿಮ್ಮ ಕಚೇರಿಗೆ ತಲುಪಿಸುವ ಹೊಣೆ ನಮ್ಮದು.

ಇಂತಿ,
ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಸೀಮೆಯ ಮತದಾರರು